ನಾಯಿಯ ಬೆನ್ನುನೋವು: ಮಾತ್ರೆ, ಆಪರೇಷನ್, ಫಿಸಿಯೋ, ಅಕ್ಯುಪಂಕ್ಚರ್, ಕೈರೋಪ್ರಾಕ್ಟಿಕ್… ಯಾವ ನಾಯಿಗೆ ಯಾವುದು?

ಮೊಬೈಲಿನಲ್ಲಿ ಓಡಾಡುವ ಆ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ದೊಡ್ಡ ನಾಯಿಯೊಂದರ ಬೆನ್ನ ಮೇಲೆ ಒಬ್ಬರು ಎರಡೂ ಅಂಗೈ ಇಟ್ಟು ಚಕ್ಕನೆ ಒತ್ತುತ್ತಾರೆ, ‘ಲಟಕ್’ ಅನ್ನುತ್ತದೆ, ನಾಯಿ ಮೈ ಕೊಡವಿಕೊಂಡು ಬಾಲ ಆಡಿಸುತ್ತದೆ. ನೋಡಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ನಮ್ಮ ಡ್ಯಾಶಂಡ್ ಸೋಫಾ ಹತ್ತುತ್ತಿಲ್ಲ, ಎತ್ತಿಕೊಳ್ಳಲು ಹೋದರೆ ಕುಂಯ್ ಅನ್ನುತ್ತದೆ. ಒಬ್ಬ ಡಾಕ್ಟ್ರು ಮಾತ್ರೆ ಕೊಟ್ಟು ರೆಸ್ಟ್ ಅಂದರು, ಇನ್ನೊಬ್ಬರು ಆಪರೇಷನ್ ಅಂದರು, ಕೆಳಗಿನ ಫ್ಲೋರಿನವರು ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿ ಸರಿಹೋಯ್ತು ಅನ್ನುತ್ತಿದ್ದಾರೆ. ಈ ಲಟಕ್, ಅಂದರೆ ಕೈರೋಪ್ರಾಕ್ಟಿಕ್, ಮಾಡಿಸಿಬಿಡಬಹುದಾ?

ನಾನು ಪಶುವೈದ್ಯನಲ್ಲ. ಡ್ಯಾಶಂಡ್ ಸಾಕಿಕೊಂಡು ಬಂದವನು, ಬೆನ್ನುನೋವಿನ ನಾಯಿಗಳ ಮನೆಯವರ ಜೊತೆ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಕಾದವನು. ಇಲ್ಲಿ ಬರೆದಿರುವುದು ಡಾಕ್ಟರ ಬದಲಿಗೆ ಓದಿಕೊಳ್ಳಲು ಅಲ್ಲ. ಡಾಕ್ಟರ ಎದುರು ಕೂತಾಗ ಏನು ಕೇಳಬೇಕು, ಇರುವ ದುಡ್ಡನ್ನು ಎಲ್ಲಿ ಹಾಕಬೇಕು ಎಂದು ತಿಳಿಯಲಿ ಅಂತ.

ಮೊದಲು ಅಳತೆಗೋಲು

ನೋವು ಮಾತ್ರವೋ, ನರಕ್ಕೂ ಪೆಟ್ಟಾಗಿದೆಯೋ? ಎಲ್ಲ ನಿರ್ಧಾರವೂ ಇದರ ಮೇಲೆ ನಿಂತಿದೆ. ಡಾಕ್ಟರುಗಳು ಸಾಮಾನ್ಯವಾಗಿ ಐದು ಹಂತದ ಲೆಕ್ಕ ಹಿಡಿಯುತ್ತಾರೆ. ಮೊದಲ ಹಂತದಲ್ಲಿ ನೋವಷ್ಟೇ. ಎರಡರಲ್ಲಿ ನಾಯಿ ನಡೆಯುತ್ತದೆ, ಆದರೆ ಹಿಂಭಾಗ ತೂರಾಡುತ್ತದೆ. ಮೂರರಲ್ಲಿ ಹಿಂಗಾಲು ಅಲ್ಲಾಡಿಸುತ್ತದೆ, ಎದ್ದು ನಡೆಯಲು ಆಗುವುದಿಲ್ಲ. ನಾಲ್ಕರಲ್ಲಿ ಕಾಲು ಪೂರ್ತಿ ಸ್ವಾಧೀನ ತಪ್ಪಿರುತ್ತದೆ, ಆದರೂ ಬೆರಳನ್ನು ಇಕ್ಕಳದಿಂದ ಜೋರಾಗಿ ಹಿಸುಕಿದರೆ ನೋವು ಗೊತ್ತಾಗುತ್ತದೆ. ಐದರಲ್ಲಿ ಅದೂ ಗೊತ್ತಾಗುವುದಿಲ್ಲ. ಇಲ್ಲಿ ಒಂದು ಮೋಸವಿದೆ. ಹಿಸುಕಿದಾಗ ಕಾಲು ಹಿಂದಕ್ಕೆ ಸರಿಯುವುದನ್ನು ಕಂಡು ಮನೆಯವರು ‘ಸ್ಪರ್ಶ ಇದೆ’ ಎಂದು ಖುಷಿಪಡುತ್ತಾರೆ. ಅದು ಬೆನ್ನುಹುರಿಯ ಕೆಳಭಾಗ ತನ್ನಷ್ಟಕ್ಕೆ ಮಾಡುವ ಕೆಲಸ. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಆಗ ಮಾತ್ರ ನೋವು ಮಿದುಳಿಗೆ ಮುಟ್ಟಿದೆ ಎಂದರ್ಥ.

ಎರಡನೆಯ ಹಂತವನ್ನು ಮನೆಯಲ್ಲೇ ಗುರುತಿಸಬಹುದು. ನಾಯಿಯನ್ನು ಚಾಪೆಯ ಮೇಲೆ ನಿಲ್ಲಿಸಿ, ಹೊಟ್ಟೆಯಡಿ ಒಂದು ಕೈ ಆಸರೆ ಕೊಡಿ. ಇನ್ನೊಂದು ಕೈಯಿಂದ ಒಂದು ಹಿಂಗಾಲಿನ ಪಂಜವನ್ನು ಮಡಿಸಿ, ಪಂಜದ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟು ಕೈ ಬಿಡಿ. ನರ ಸರಿಯಿದ್ದರೆ ಆ ಕ್ಷಣವೇ ಪಂಜ ತಿರುಗಿಸಿ ಸರಿಯಾಗಿ ಊರಿಕೊಳ್ಳುತ್ತದೆ. ಮಡಿಸಿದ ಪಂಜದ ಮೇಲೇ ಸುಮ್ಮನೆ ನಿಂತುಕೊಂಡರೆ, ಅಥವಾ ನಿಧಾನವಾಗಿ ಎಳೆದುಕೊಂಡರೆ, ಪೆಟ್ಟು ನರಕ್ಕೂ ತಗುಲಿದೆ. ಇನ್ನೊಂದು ಸುಳಿವು ಕಿವಿಗೆ ಬೀಳುತ್ತದೆ: ಟೈಲ್ಸ್ ಮೇಲೆ ನಡೆಯುವಾಗ ಹಿಂಗಾಲಿನ ಉಗುರು ‘ಸರ್… ಸರ್…’ ಎಂದು ಉಜ್ಜುವ ಸದ್ದು. ಉಗುರಿನ ಮೇಲ್ಮೈ ಚಪ್ಪಟೆಯಾಗಿ ಸವೆದಿದ್ದರೆ ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ.

ಎರಡನೆಯ ಅಳತೆಗೋಲು ಕಾರಣ. ‘ಬೆನ್ನುನೋವು’ ಒಂದು ಕಾಯಿಲೆಯ ಹೆಸರಲ್ಲ. ಡ್ಯಾಶಂಡ್, ಬೀಗಲ್, ಶಿಟ್ಜು, ಪೆಕಿನೀಸ್, ಫ್ರೆಂಚ್ ಬುಲ್‌ಡಾಗ್, ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಮೊದಲ ಅನುಮಾನ ಡಿಸ್ಕ್ ಮೇಲೆ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ ಮೇಲೆ. ಈ ತಳಿಗಳ ಡಿಸ್ಕು ಎಳೆಯ ಪ್ರಾಯದಲ್ಲೇ ಒಣಗಿ ಸುಣ್ಣಗಟ್ಟುತ್ತದೆ; ಇದರ ಹಿಂದಿರುವ ಜೀನ್ ಯಾವುದೆಂದು 2017ರಲ್ಲಿ ಪತ್ತೆಯಾಗಿದೆ. ಹಿಂದೆಮುಂದೆ ನೋಡದೆ ಸೋಫಾದಿಂದ ಹಾರಿದ ಒಂದು ದಿನ, ಕಡುಬು ಒಡೆದು ಹೂರಣ ಹೊರಬಂದಂತೆ ಡಿಸ್ಕಿನ ಒಳಗಿನದು ಹೊರಬಂದು ಬೆನ್ನುಹುರಿಯನ್ನು ಅದುಮುತ್ತದೆ. ನಾಯಿಗೆ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಮೂಳೆ. ಈ ತೊಂದರೆ ಹೆಚ್ಚಾಗಿ ಬರುವುದು ಎದೆ ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ. ಡ್ಯಾಶಂಡ್‌ಗಳಲ್ಲಿ ಸುಮಾರು ನಾಲ್ಕೈದಕ್ಕೆ ಒಂದು ತನ್ನ ಆಯುಷ್ಯದಲ್ಲಿ ಇದನ್ನು ಅನುಭವಿಸುತ್ತದೆ.

ವಯಸ್ಸಾದ ಲ್ಯಾಬ್, ಜರ್ಮನ್ ಶೆಫರ್ಡ್‌ಗಳ ಕಥೆ ಬೇರೆ. ಸೊಂಟದ ಕೊನೆಯ ಕೀಲಿನಲ್ಲಿ ನರ ಇರುಕಿಕೊಂಡಿರಬಹುದು, ತೊಡೆಯ ಕೀಲು ಸವೆದಿರಬಹುದು. ಶೆಫರ್ಡ್‌ಗೆ ನೋವೇ ಇಲ್ಲದೆ ಹಿಂಗಾಲು ತಿಂಗಳುಗಟ್ಟಲೆ ಸೋಲುತ್ತ ಬಂದರೆ ಅದು ಬೆನ್ನುಹುರಿಯೇ ಕ್ಷೀಣಿಸುವ ಇನ್ನೊಂದು ರೋಗವಿರಬಹುದು. ಬೀದಿಯಿಂದ ತಂದ ನಾಯಿಗಾದರೆ ಎಂದೋ ಬೈಕು ಗುದ್ದಿದ ಹಳೆಯ ಮುರಿತ ಇರಬಹುದು. ಇವುಗಳ ಜೊತೆ ಮೂಳೆಯ ಸೋಂಕು, ಗಡ್ಡೆ. ಸೋಂಕುಗಳಲ್ಲಿ ಬ್ರುಸೆಲ್ಲಾ ಮನುಷ್ಯರಿಗೂ ಹರಡುವಂಥದ್ದು, ಅದನ್ನು ಮರೆಯಬೇಡಿ. ಕಾರಣ ಗೊತ್ತಿಲ್ಲದೆ ‘ಯಾವ ಚಿಕಿತ್ಸೆ ಒಳ್ಳೆಯದು’ ಅನ್ನುವುದಕ್ಕೆ ಉತ್ತರವಿಲ್ಲ.

ಉಳಿದ ಅಳತೆಗೋಲುಗಳು ಬೇಗ ಹೇಳಿ ಮುಗಿಸುವಂಥವು. ಕೆಲಸ ಮಾಡುತ್ತದೆ ಎನ್ನಲು ಆಧಾರ ಎಷ್ಟಿದೆ? ತಪ್ಪಿದರೆ ಆಗುವ ನಷ್ಟ ಎಂಥದ್ದು: ದುಡ್ಡು ಹೋಗುತ್ತದೋ, ಕಾಲು ಹೋಗುತ್ತದೋ? ಒಂದು ಸಲದ ಫೀಸು ಬಿಡಿ, ಮುಗಿಯುವ ಹೊತ್ತಿಗೆ ಒಟ್ಟು ಎಷ್ಟು? ನಿಮ್ಮ ಊರಿನಲ್ಲಿ ಸಿಗುತ್ತದೆಯೇ? ಮನೆಯಲ್ಲಿ ಹಗಲು ಯಾರಿರುತ್ತಾರೆ? ಕೊನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಅತಿ ಕಷ್ಟದ ಚಿಕಿತ್ಸೆ ಯಾವುದು ಗೊತ್ತೇ? ಪುಕ್ಕಟೆ ಸಿಗುವ ರೆಸ್ಟ್.

ರೆಸ್ಟ್ ಮತ್ತು ಮಾತ್ರೆ

ಮೊದಲೆರಡು ಹಂತದ ಡಿಸ್ಕ್ ತೊಂದರೆಗೆ ಇಂದಿಗೂ ಮೊದಲ ಮದ್ದು ಇದೇ. ಬಹುಪಾಲು ನಾಯಿಗಳು ಇದರಲ್ಲೇ ಚೇತರಿಸಿಕೊಳ್ಳುತ್ತವೆ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆಯೊಂದು 2022ರಲ್ಲಿ ಹೊರತಂದ ಒಮ್ಮತದ ಸಲಹೆಯಲ್ಲಿ ಕನಿಷ್ಠ ನಾಲ್ಕು ವಾರ ಓಡಾಟ ಕಟ್ಟುಮಾಡಿ ಎಂದಿದೆ. ನಾಲ್ಕು ವಾರ ಎಂದರೆ ನಾಲ್ಕು ವಾರ. ನಾಯಿ ಐದನೆಯ ದಿನಕ್ಕೇ ‘ನನಗೇನೂ ಆಗಿಲ್ಲ’ ಎಂಬಂತೆ ಕುಣಿಯತೊಡಗುತ್ತದೆ, ಮಾತ್ರೆ ನೋವು ಮುಚ್ಚಿಟ್ಟಿರುತ್ತದೆ, ಮನೆಯವರು ಕರಗಿ ಬಿಟ್ಟುಬಿಡುತ್ತಾರೆ. ಅಲ್ಲಿಂದಲೇ ಎರಡನೆಯ ಸಲದ ಪೆಟ್ಟು.

ರೆಸ್ಟ್ ಹೇಗಿರಬೇಕು? ಎದ್ದು ನಿಲ್ಲಲು, ತಿರುಗಿ ಮಲಗಲು ಸಾಲುವಷ್ಟು ಕೇಜು ಅಥವಾ ತಡೆ ಹಾಕಿದ ಮೂಲೆ, ಕೆಳಗೆ ಜಾರದ ರಬ್ಬರ್ ಮ್ಯಾಟು, ಅದರ ಮೇಲೆ ಹಳೆ ಜಮಖಾನ. ಹೊರಗೆ ಬರುವುದು ಉಚ್ಚೆ, ಕಕ್ಕಕ್ಕೆ ಮಾತ್ರ, ಅದೂ ಬೆಲ್ಟು ಹಿಡಿದು. ಕುತ್ತಿಗೆಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ಎತ್ತುವಾಗ ಒಂದು ಕೈ ಎದೆಯಡಿ, ಒಂದು ಕೈ ಹಿಂಭಾಗದಡಿ, ಬೆನ್ನು ನೆಲಕ್ಕೆ ಸಮಾನಾಂತರ. ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎತ್ತಿದರೆ ಇಡೀ ಸೊಂಟದ ಭಾರ ನೋವಿರುವ ಜಾಗಕ್ಕೇ ಜಗ್ಗುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸು ಗಿಡ್ಡ ಕಾಲಿನ ನಾಯಿಗೆ ಶತ್ರು. ಚಿಕಿತ್ಸೆಗೆ ಒಂದು ಪೈಸೆ ಖರ್ಚು ಮಾಡುವ ಮೊದಲು ಮ್ಯಾಟಿಗೆ ಮಾಡಿ.

ಮಾತ್ರೆಯ ವಿಷಯದಲ್ಲಿ ಎರಡು ಕಟ್ಟುನಿಟ್ಟು. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಬಾಯಿಗೆ ಹೋಗಲೇಬಾರದು. ಹೊಟ್ಟೆ ಹುಣ್ಣಾಗಿ, ಕಿಡ್ನಿ ಕೆಟ್ಟು ಸಾಯುವ ನಾಯಿಗಳಿವೆ. ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್ ಥರದ್ದು, ನರದ ನೋವಿಗೆ ಗ್ಯಾಬಪೆಂಟಿನ್. (ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದು ಆ ಔಷಧಿ ಕೊಟ್ಟ ದನಗಳ ಹೆಣ ತಿಂದು ಸಾಯುತ್ತಿದ್ದ ರಣಹದ್ದುಗಳ ಸಲುವಾಗಿ. ಅದರ ಬದಲಿಗೆ ಬಂದದ್ದು ಇದೇ ಮೆಲಾಕ್ಸಿಕ್ಯಾಮ್. ರಾಮನಗರದ ಬೆಟ್ಟದಲ್ಲಿ ಉಳಿದಿರುವ ಹದ್ದುಗಳಿಗೂ ನಿಮ್ಮ ನಾಯಿಗೂ ಇರುವ ನಂಟು ಇದು.) ಮನುಷ್ಯರಿಗೆ ಮಾರುವ ಗ್ಯಾಬಪೆಂಟಿನ್ ಸಿರಪ್ಪಿನಲ್ಲಿ ಕೆಲವೊಮ್ಮೆ ಜೈಲಿಟಾಲ್ ಎಂಬ ಸಿಹಿ ಇರುತ್ತದೆ, ನಾಯಿಗೆ ಅದು ವಿಷ, ಲೇಬಲ್ ಓದದೆ ತರಬೇಡಿ.

ಎರಡನೆಯದು: ಒಬ್ಬರು ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ಇನ್ನೊಬ್ಬರಿಗೆ ಹೇಳದೆ ಮುಚ್ಚಿಡಬೇಡಿ. ಅದರ ಬೆನ್ನಿಗೇ ನೋವಿನ ಮಾತ್ರೆ ಬಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಅಂದಹಾಗೆ ಹಠಾತ್ತನೆ ಡಿಸ್ಕ್ ಜಾರಿದ ನಾಯಿಗೆ ಸ್ಟೀರಾಯ್ಡನ್ನು ರೂಢಿಯಂತೆ ಕೊಡುವುದನ್ನು ಮೇಲೆ ಹೇಳಿದ ಸಲಹೆ ಒಪ್ಪುವುದಿಲ್ಲ. ನಮ್ಮಲ್ಲಿ ಇನ್ನೂ ಧಾರಾಳವಾಗಿ ಕೊಡುತ್ತಾರೆ. ಯಾಕೆ ಅಂತ ವಿನಯವಾಗಿಯೇ ಕೇಳಿ.

ಖರ್ಚು ಕಡಿಮೆ, ಎಲ್ಲ ಊರಲ್ಲೂ ಸಾಧ್ಯ. ಕೊರತೆ ಎಂದರೆ ಮತ್ತೆ ಬರುವ ಸಾಧ್ಯತೆ ಆಪರೇಷನ್ ಆದವುಗಳಿಗಿಂತ ಹೆಚ್ಚು, ಮತ್ತು ಮನೆಯವರ ತಾಳ್ಮೆಗೆ ನಾಲ್ಕು ವಾರದ ಪರೀಕ್ಷೆ.

ಆಪರೇಷನ್

ಹಂತ ನಾಲ್ಕಕ್ಕೆ ಬಂದ ನಾಯಿಗೆ, ಮೂರರಲ್ಲಿದ್ದು ದಿನದಿನಕ್ಕೆ ಇಳಿಯುತ್ತಿರುವ ನಾಯಿಗೆ, ಔಷಧಿಗೆ ಜಗ್ಗದೆ ಮತ್ತೆಮತ್ತೆ ನೋವು ತಿನ್ನುವ ನಾಯಿಗೆ ಮೊದಲು ಕೇಳಬೇಕಾದದ್ದು ಆಪರೇಷನ್ ಬಗ್ಗೆ. ಬೆನ್ನುಮೂಳೆಯ ಒಂದು ಬದಿಯಲ್ಲಿ ಕಿಟಕಿ ತೆರೆದು, ಹೊರಬಂದ ಡಿಸ್ಕಿನ ವಸ್ತುವನ್ನು ತೆಗೆಯುತ್ತಾರೆ, ಹೆಸರು ಹೆಮಿಲ್ಯಾಮಿನೆಕ್ಟಮಿ. ಬೆರಳಿನ ನೋವು ಇನ್ನೂ ಗೊತ್ತಾಗುತ್ತಿರುವ ನಾಯಿಗಳಲ್ಲಿ ಹತ್ತಕ್ಕೆ ಒಂಬತ್ತು ಮತ್ತೆ ನಡೆಯುತ್ತವೆ. ನೋವೇ ಗೊತ್ತಾಗದ ಐದನೆಯ ಹಂತದಲ್ಲಿ ಆ ಲೆಕ್ಕ ಹತ್ತಕ್ಕೆ ಐದಾರಕ್ಕೆ ಇಳಿಯುತ್ತದೆ. ಆಪರೇಷನ್ ಇಲ್ಲದೆ ಹೋದರೆ ಇನ್ನೂ ತೀರಾ ಕಡಿಮೆ. ಐದನೆಯ ಹಂತದ ಸುಮಾರು ಹತ್ತರಲ್ಲೊಂದು ನಾಯಿಗೆ ಬೆನ್ನುಹುರಿ ಮೇಲ್ಮುಖವಾಗಿ ಕರಗುತ್ತ ಹೋಗಿ ಕೆಲವೇ ದಿನಗಳಲ್ಲಿ ಉಸಿರಾಟವೂ ನಿಲ್ಲುವ ಗತಿ ಬರುತ್ತದೆ, ಅದನ್ನು ತಡೆಯುವುದು ಬಹಳ ಕಷ್ಟ. ಹಾಗಾಗಿ ಹಿಂಗಾಲು ಎಳೆಯುತ್ತ ಬಂದ ನಾಯಿಯನ್ನು ‘ಸೋಮವಾರ ನೋಡೋಣ’ ಎಂದು ಇಟ್ಟುಕೊಳ್ಳಬೇಡಿ. ಲೆಕ್ಕ ಗಂಟೆಗಳಲ್ಲಿದೆ.

ದುಡ್ಡಿನ ಮಾತು. ಬರೀ ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣಿಸುವುದಿಲ್ಲ. ಮುರಿತ, ಸೋಂಕು, ಗಡ್ಡೆಯ ಸುಳಿವು ಸಿಗುತ್ತದೆ ಅಷ್ಟೇ. ಎಲ್ಲಿ ಕೊಯ್ಯಬೇಕೆಂದು ತಿಳಿಯಲು ಎಂಆರ್‌ಐ ಅಥವಾ ಸಿಟಿ ಬೇಕು, ಅದಕ್ಕೆ ಅರಿವಳಿಕೆ ಬೇಕು. ಸ್ಕ್ಯಾನ್, ಆಪರೇಷನ್, ಆಸ್ಪತ್ರೆವಾಸ, ಆಮೇಲಿನ ಫಿಸಿಯೋ ಎಲ್ಲ ಸೇರಿದರೆ ಖಾಸಗಿಯಲ್ಲಿ ಹತ್ತಾರು ಸಾವಿರಕ್ಕೆ ನಿಲ್ಲುವುದು ಕಷ್ಟ, ಲಕ್ಷದ ಮಾತಿಗೆ ಸಿದ್ಧರಾಗಿ ಹೋಗಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಯಲ್ಲಿ ಫೀಸು ಬಹಳ ಕಡಿಮೆ, ವಿಭಾಗದ ಪ್ರಾಧ್ಯಾಪಕರೇ ನೋಡುತ್ತಾರೆ. ಅದರ ಬೆಲೆ ಕಾಯುವುದರಲ್ಲಿ ತೆರಬೇಕು: ಬೆಳಗ್ಗೆಯೇ ಹೋಗಿ ಚೀಟಿ ಮಾಡಿಸಿ, ಒಂದು ಬಾಗಿಲಿಂದ ಇನ್ನೊಂದಕ್ಕೆ ಓಡಾಡಲು ಜೊತೆಗೊಬ್ಬರು ಬೇಕು. ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಹೊರಡುವವರು ಮೊದಲು ಫೋನು ಮಾಡಿ ಬೆನ್ನುಹುರಿಯ ಆಪರೇಷನ್ ಅಲ್ಲಿ ಮಾಡುತ್ತಾರಾ ಎಂದು ಕೇಳಿಕೊಂಡೇ ಹೊರಡಿ, ಕಾರಿನ ಪಯಣವೂ ಆ ಬೆನ್ನಿಗೆ ಒಂದು ಪೆಟ್ಟೇ.

ಫಿಸಿಯೋ ಮತ್ತು ನೀರಿನ ಟ್ರೆಡ್‌ಮಿಲ್

ನನ್ನ ಪಕ್ಷಪಾತ ಇಲ್ಲಿದೆ, ಮುಚ್ಚಿಡುವುದಿಲ್ಲ. ಆಪರೇಷನ್ ಆದ ಮೇಲೂ, ರೆಸ್ಟ್ ಮುಗಿದ ಮೇಲೂ, ಮುದಿ ಲ್ಯಾಬಿನ ಗಟ್ಟಿಯಾದ ಸೊಂಟಕ್ಕೂ ಒಗ್ಗುವ ಚಿಕಿತ್ಸೆ ಇದೊಂದೇ. ನೀರಿನ ಟ್ರೆಡ್‌ಮಿಲ್ ಎಂದರೆ ನೀರು ತುಂಬಿದ ತೊಟ್ಟಿಯೊಳಗಿನ ನಡಿಗೆ ಯಂತ್ರ; ಅಲ್ಲಿ ನೀರು ಭಾರ ಹೊರುತ್ತದೆ. ನಾಯಿಯ ತೊಡೆಯ ಕೀಲಿನ ಮಟ್ಟಕ್ಕೆ ನೀರು ತುಂಬಿಸಿದರೆ ಕಾಲಿನ ಮೇಲೆ ಬೀಳುವುದು ಮೈತೂಕದ ಶೇ 38ರಷ್ಟು ಮಾತ್ರ; ಮಂಡಿಯ ಮಟ್ಟಕ್ಕಾದರೆ ಶೇ 85. ಅಂದರೆ ನೆಲದ ಮೇಲೆ ನಿಲ್ಲಲಾಗದ ನಾಯಿ ನೀರಿನಲ್ಲಿ ಹೆಜ್ಜೆ ಹಾಕುತ್ತದೆ, ಫಿಸಿಯೋ ಮಾಡುವವರು ವಾರವಾರ ನೀರು ಇಳಿಸುತ್ತ ಭಾರ ಕಲಿಸುತ್ತಾರೆ. ಬೆಂಗಳೂರಿನಲ್ಲಿ ಈಗ ಇಂಥ ಕೇಂದ್ರಗಳಿವೆ. ಬೇರೆ ಊರುಗಳಲ್ಲಿ ಅಪರೂಪ.

ಆದರೆ ಮುಕ್ಕಾಲು ಪಾಲು ಫಿಸಿಯೋ ಮನೆಯಲ್ಲೇ ಆಗುತ್ತದೆ. ಒಂದೆರಡು ಸಲ ಹೋಗಿ ಕಲಿತುಬನ್ನಿ: ಹೊಟ್ಟೆಯಡಿ ಟವೆಲ್ ಹಾಕಿ ನಡೆಸುವುದು, ಮಲಗಿಸಿ ಕಾಲನ್ನು ಸೈಕಲ್ ತುಳಿಸಿದಂತೆ ಆಡಿಸುವುದು, ಕೂತು ಏಳಿಸುವುದು, ನೆಲಕ್ಕೆ ಅಡ್ಡ ಇಟ್ಟ ಪೊರಕೆ ಕಡ್ಡಿ ದಾಟಿಸುವುದು. ವಾರಕ್ಕೆ ಎರಡು ಸಲ ಕೇಂದ್ರಕ್ಕೆ ಹೋಗುವ ಶಕ್ತಿ ಇಲ್ಲದವರಿಗೆ ಇದು ದೊಡ್ಡ ಉಳಿತಾಯ. ಹೊಸದಾಗಿ ಡಿಸ್ಕ್ ಜಾರಿದ ಮೊದಲ ವಾರಗಳಲ್ಲಿ ಮಾತ್ರ ಡಾಕ್ಟರು ಹೇಳದೆ ಇದಾವುದೂ ಬೇಡ.

ದಪ್ಪ ನಾಯಿಗೆ ಫಿಸಿಯೋ ಶುರುವಾಗುವುದೇ ತಟ್ಟೆಯಿಂದ. ಲ್ಯಾಬ್ರಡಾರ್‌ಗಳ ಮೇಲೆ ಹುಟ್ಟಿನಿಂದ ಸಾವಿನ ತನಕ ನಡೆಸಿ 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಜೊತೆಯದಕ್ಕಿಂತ ಕಾಲುಭಾಗ ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲು ಸವೆತದ ಕಾಟವೂ ತಡವಾಗಿ ಬಂತು. ಅಜ್ಜಿ ಗುಟ್ಟಾಗಿ ಹಾಕುವ ಚಪಾತಿ, ಮೊಸರನ್ನದ ಲೆಕ್ಕ ಹಿಡಿಯದೆ ಲೇಸರ್ ಬೆಳಕಿನ ಚಿಕಿತ್ಸೆಗೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ಲೇಸರ್ ಅಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ: ಡಿಸ್ಕ್ ಆಪರೇಷನ್ ಆದ ನಾಯಿಗಳ ಮೇಲೆ ಮಾಡಿದ ಒಂದು ಅಧ್ಯಯನ ಬೇಗ ನಡೆದವು ಎಂದರೆ ಇನ್ನೊಂದು ಏನೂ ವ್ಯತ್ಯಾಸವಿಲ್ಲ ಎಂದಿದೆ. ಫಿಸಿಯೋ ಪ್ಯಾಕೇಜಿನೊಳಗೆ ಸೇರಿ ಬಂದರೆ ಬರಲಿ, ಬೇರೆಯಾಗಿ ದುಡ್ಡು ಕೊಟ್ಟು ಬೇಡ.

ಅಕ್ಯುಪಂಕ್ಚರ್

ಸೂಜಿ ಚುಚ್ಚಿಸಿ ಸರಿಹೋಯ್ತು ಅಂದ ಆ ಕೆಳಗಿನ ಫ್ಲೋರಿನವರು ಪೂರ್ತಿ ತಪ್ಪು ಹೇಳುತ್ತಿಲ್ಲ. ಬ್ರೆಜಿಲ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ 40 ನಾಯಿಗಳ ಅಧ್ಯಯನವನ್ನು ಸೂಜಿಯ ಪರ ಇರುವವರೆಲ್ಲ ಹೇಳುತ್ತಾರೆ. ತೀವ್ರ ತೊಂದರೆಯಾಗಿ ಎರಡು ದಿನಕ್ಕೂ ಹೆಚ್ಚು ಕಳೆದಿದ್ದ ನಾಯಿಗಳವು. ಸೂಜಿಗೆ ಸಣ್ಣ ವಿದ್ಯುತ್ ಹರಿಸಿದ 19ರಲ್ಲಿ 15 ಸುಧಾರಿಸಿದವು, ಬರೀ ಆಪರೇಷನ್ ಆದ 10ರಲ್ಲಿ 4. ಓದಿದರೆ ಸೂಜಿಯೇ ಗೆದ್ದಂತೆ ಕಾಣುತ್ತದೆ. ಆದರೆ ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲ ಇವು, ಆಪರೇಷನ್ ಗುಂಪಿನ ವಿವರವನ್ನು ಹಳೆಯ ಕಡತಗಳಿಂದ ತೆಗೆದದ್ದು, ಸಂಖ್ಯೆಯೂ ಸಣ್ಣದು. ಸಮಯ ಮೀರಿದ, ಆಪರೇಷನ್ ಕೈಗೆಟುಕದ ನಾಯಿಗೆ ಪ್ರಯತ್ನಿಸಲು ಇದು ಸಾಕಷ್ಟು ಆಧಾರ. ಇವತ್ತು ಬೆಳಗ್ಗೆ ಕಾಲು ಬಿದ್ದ ನಾಯಿಯ ಆಪರೇಷನ್ ಮುಂದೂಡಲು ಸಾಲದು.

ಇದರ ದೊಡ್ಡ ಗುಣ ತಪ್ಪಿದರೂ ಆಗುವ ನಷ್ಟ ಕಡಿಮೆ ಎನ್ನುವುದು. ಸೂಜಿ ಬೆನ್ನನ್ನು ತಿರುಚುವುದಿಲ್ಲ. ಮಾತ್ರೆ ತಡೆಯದ, ಕಿಡ್ನಿ ಸೋತ ಮುದಿ ನಾಯಿಗೆ ನೋವು ಕಡಿಮೆ ಮಾಡುವ ದಾರಿಯಾಗಿ ನನಗೆ ಇದು ಒಪ್ಪಿಗೆ. ಹಲವು ಸಲ ಹೋಗಬೇಕು. ಪ್ರತಿ ಸಲದ ಫೀಸಿಗೆ ಆಟೋ ಬಾಡಿಗೆ, ಅರ್ಧ ದಿನದ ರಜೆ ಸೇರಿಸಿ ಗುಣಿಸಿ ನೋಡಿ. ಐದಾರು ಸಲದ ಮೇಲೂ ನಡಿಗೆಯಲ್ಲಿ, ನಿದ್ದೆಯಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ.

ಕೈರೋಪ್ರಾಕ್ಟಿಕ್

ಈಗ ಆ ಲಟಕ್. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬುವರು ಶುರುಮಾಡಿದ ಪದ್ಧತಿ. ಬೆನ್ನುಮೂಳೆಯ ಕೀಲು ಸರಿಯಾಗಿ ಆಡದಿದ್ದರೆ ನರಕ್ಕೆ ತೊಂದರೆ, ಕೈಯಿಂದ ವೇಗವಾಗಿ, ಸ್ವಲ್ಪವೇ ದೂರ ಒತ್ತಿ ಕೀಲನ್ನು ಆಡುವಂತೆ ಮಾಡಿದರೆ ಪರಿಹಾರ ಎನ್ನುವುದು ತಿರುಳು. ಪ್ರಾಣಿಗಳಿಗಾಗಿ ಇದನ್ನು ಕಲಿಸುವ ಅಮೆರಿಕದ ಸಂಘ 1989ರಲ್ಲಿ ಹುಟ್ಟಿತು, ಕಟ್ಟಿದವರು ಪಶುವೈದ್ಯೆಯೂ ಕೈರೋಪ್ರಾಕ್ಟರೂ ಆಗಿದ್ದ ಶರನ್ ವಿಲೋಬಿ. ನಮ್ಮ ಹಳ್ಳಿಗಳ ಉಳುಕು ತೆಗೆಯುವವರನ್ನು ಕಂಡವರಿಗೆ ನೋಟ ಹೊಸದಲ್ಲ.

ಆ ‘ಲಟಕ್’ ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯ ಆಟ, ನಾವು ಬೆರಳಿನ ನೆಟಿಗೆ ಮುರಿದಾಗ ಬರುವ ಸದ್ದೇ. ಜಾಗ ತಪ್ಪಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಹೊರಬಂದ ಡಿಸ್ಕನ್ನು ಒತ್ತಿ ಒಳಗೆ ಕಳಿಸಲು ಯಾವ ಕೈಗೂ ಆಗುವುದಿಲ್ಲ. ಹಾಗಾದರೆ ವಿಡಿಯೊದ ನಾಯಿ ಬಾಲ ಆಡಿಸಿದ್ದು? ಬಿಗಿದ ಸ್ನಾಯು ಸಡಿಲಗೊಂಡು ಸ್ವಲ್ಪ ಹಾಯೆನಿಸಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಹಿಡಿದಿದ್ದವರು ಬಿಟ್ಟರಲ್ಲಾ ಎಂಬ ಖುಷಿಯೂ ಇರಬಹುದು.

ಆಧಾರದ ಮಟ್ಟಿಗೆ ಈ ಪಟ್ಟಿಯಲ್ಲಿ ಇದೇ ಬಡವ. ಇರುವ ಸಂಶೋಧನೆಯಲ್ಲಿ ಹೆಚ್ಚಿನದು ಕುದುರೆಗಳ ಮೇಲೆ. ನಾಯಿಗಳಲ್ಲಿ, ನಾರ್ವೆಯಿಂದ 2021ರಲ್ಲಿ ಬಂದ ಒಂದು ಅಧ್ಯಯನ ಬಾಕ್ಸರ್ ಮರಿಗಳಿಗೆ ಮೊದಲ ವರ್ಷ ಈ ಚಿಕಿತ್ಸೆ ಕೊಟ್ಟಾಗ ಎಕ್ಸ್‌ರೇಯಲ್ಲಿ ಮೂಳೆಯ ಮೊಳಕೆಗಳು ಕಡಿಮೆ ಕಂಡವು ಎನ್ನುತ್ತದೆ. ಕುತೂಹಲದ ವಿಷಯ. ಆದರೆ ನಿಮ್ಮ ಪ್ರಶ್ನೆ ನೋವಿನದು, ಮತ್ತು ಆ ಮೊಳಕೆಗಳು ಎಷ್ಟೋ ನಾಯಿಗಳಲ್ಲಿ ಯಾವ ನೋವೂ ಕೊಡದೆ ಸುಮ್ಮನೆ ಇರುತ್ತವೆ. ಡಿಸ್ಕ್ ತೊಂದರೆಯ ನಾಯಿ ಕೈರೋಪ್ರಾಕ್ಟಿಕ್‌ನಿಂದ ನಡೆಯಿತು ಎಂಬ ಮಾತು ಕೇಳಿದಾಗಲೆಲ್ಲ ಒಂದು ವಿಷಯ ನೆನಪಿಟ್ಟುಕೊಳ್ಳಿ: ಮೊದಲೆರಡು ಹಂತದ ಬಹುಪಾಲು ನಾಯಿಗಳು ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸುವಂಥವು. ಆ ವಾರಗಳಲ್ಲಿ ಏನೇ ಮಾಡಿದ್ದರೂ ಹೆಸರು ಅದಕ್ಕೇ ಹೋಗುತ್ತದೆ, ಲಟಕ್ ಮಾಡಿದವರಿಗೂ, ಹರಕೆ ಹೊತ್ತ ದೇವರಿಗೂ.

ನಷ್ಟದ ಲೆಕ್ಕದಲ್ಲೂ ಇದು ಹಿಂದೆ. ಹೊಸದಾಗಿ ಜಾರಿದ ಡಿಸ್ಕು, ಗೊತ್ತಾಗದ ಮುರಿತ, ಗಡ್ಡೆ, ಸೋಂಕು ಇರುವ ಬೆನ್ನಿನ ಮೇಲೆ ವೇಗದ ಒತ್ತು ಬಿದ್ದರೆ ಎರಡನೆಯ ಹಂತದ ನಾಯಿ ನಾಲ್ಕಕ್ಕೆ ಜಾರಬಹುದು. ಪೊಮೇರಿಯನ್, ಚಿವಾವಾ, ಯಾರ್ಕಿಯಂಥ ಪುಟ್ಟ ತಳಿಗಳಲ್ಲಿ ಕುತ್ತಿಗೆಯ ಮೊದಲೆರಡು ಮೂಳೆಯ ಜೋಡಣೆ ಹುಟ್ಟಿನಿಂದಲೇ ಸಡಿಲವಿರುವುದುಂಟು. ಅವುಗಳ ಕುತ್ತಿಗೆ ತಿರುಗಿಸಲು ಯಾರಿಗೂ ಕೊಡಬೇಡಿ.

ಹಾಗೆಂದು ಜಾಗವೇ ಇಲ್ಲ ಎನ್ನಲಾರೆ. ಎಕ್ಸ್‌ರೇ ಆಗಿದೆ, ನರ ಪರೀಕ್ಷೆ ಸರಿಯಿದೆ, ತಿಂಗಳುಗಳಿಂದ ಇರುವ ಬಿಗಿತ, ದೊಡ್ಡ ಮೈಯ ನಾಯಿ, ಡಾಕ್ಟರಿಗೂ ಒಪ್ಪಿಗೆಯಿದೆ, ಫಿಸಿಯೋ ನಡೆಯುತ್ತಿದೆ. ಇಂಥ ಕಡೆ ತರಬೇತಾದ ಪಶುವೈದ್ಯರೊಬ್ಬರು ಮೃದುವಾಗಿ ಮಾಡಿದರೆ ಅಭ್ಯಂತರವಿಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಇದು ನಿಜವಾಗಿ ಸಿಗುವ ಆಯ್ಕೆ. ಬ್ರಿಟನ್ನಿನಲ್ಲಿ ಪಶುವೈದ್ಯರ ನಿರ್ದೇಶನದ ಮೇಲೆ ಮಾತ್ರ ಮಾಡಬೇಕೆಂಬ ನಿಯಮವಿದೆ, ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ನಮ್ಮಲ್ಲಿ ಇದನ್ನು ಕಲಿತ ಪಶುವೈದ್ಯರು ಸಿಗುವುದು ದುರ್ಲಭ. ಮನುಷ್ಯರಿಗೆ ಮಾಡುವವರು ‘ನಾಯಿಗೂ ಮಾಡಿಕೊಡ್ತೀವಿ’ ಅಂದರೆ ಅದು ಬೇರೆ ದೇಹ, ಬೇರೆ ಅಳತೆ. ಪ್ರಾಣಿ ಚಿಕಿತ್ಸೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಡಿ ನೋಂದಾಯಿತ ಪಶುವೈದ್ಯರ ಕೆಲಸ.

ಹಾಗಾದರೆ ಯಾರು ಏನು ಮಾಡಬೇಕು?

ಕೈಯಲ್ಲಿ ಕಡಿಮೆ ದುಡ್ಡು, ನಾಯಿ ನಡೆಯುತ್ತಿದೆ: ಒಂದು ಎಕ್ಸ್‌ರೇ, ಒಂದು ಸರಿಯಾದ ನರ ಪರೀಕ್ಷೆ, ಮಾತ್ರೆ, ಕೇಜು, ಮ್ಯಾಟು. ಉಳಿದ ದುಡ್ಡನ್ನು ಖರ್ಚು ಮಾಡದೆ ಇಟ್ಟುಕೊಳ್ಳಿ. ರಾತ್ರೋರಾತ್ರಿ ಕಾಲು ಬಿದ್ದರೆ ಅದು ಬೇಕು. ಈ ಮನೆಯವರು ಕೈರೋಪ್ರಾಕ್ಟಿಕ್‌ಗೆ ಕೊಡುವ ಒಂದೊಂದು ಸಾವಿರವೂ ಆ ಗಂಟಿನಿಂದಲೇ ಹೋಗುತ್ತದೆ, ನನ್ನ ತಕರಾರು ಮುಖ್ಯವಾಗಿ ಅದಕ್ಕೇ.

ದುಡ್ಡಿದೆ, ಸಮಯವಿಲ್ಲ, ನಾಯಿ ನಾಲ್ಕನೆಯ ಹಂತದಲ್ಲಿದೆ: ಸ್ಕ್ಯಾನ್, ಆಪರೇಷನ್, ಬಳಿಕ ಕೇಂದ್ರದಲ್ಲಿ ಫಿಸಿಯೋ. ಹಗಲು ನೋಡಿಕೊಳ್ಳಲು ಜನ ಇಟ್ಟುಕೊಳ್ಳಿ, ತಾನಾಗಿ ಉಚ್ಚೆ ಹೊಯ್ಯಲಾಗದ ನಾಯಿಯ ಉಚ್ಚೆಚೀಲ ಒತ್ತಿ ಖಾಲಿ ಮಾಡುವುದನ್ನು ಅವರೂ ಕಲಿಯಬೇಕು. ದಿನಕ್ಕೆ ಮೂರ್ನಾಲ್ಕು ಸಲ ಮಾಡದಿದ್ದರೆ ಮೂತ್ರದ ಸೋಂಕು ಖಂಡಿತ.

ಹನ್ನೊಂದು, ಹನ್ನೆರಡರ ಲ್ಯಾಬು, ಏಳಲು ಹಿಂದೇಟು: ತೂಕ ಇಳಿಸುವುದು, ನೋವಿನ ಮಾತ್ರೆ (ರಕ್ತ ಪರೀಕ್ಷೆ ಮಾಡಿಸಿಕೊಂಡು), ನೀರಿನ ನಡಿಗೆ, ಬೇಕಿದ್ದರೆ ಸೂಜಿ. ಕೈರೋಪ್ರಾಕ್ಟಿಕ್ ಬರುವುದಿದ್ದರೆ ಇವೆಲ್ಲದರ ಕೊನೆಯಲ್ಲಿ.

ಆಪರೇಷನ್ ಆಗಲಿಲ್ಲ, ಅಥವಾ ಆಗಿಯೂ ಕಾಲು ಬರಲಿಲ್ಲ: ಗಾಲಿಬಂಡಿಯನ್ನು ಸೋಲು ಎಂದುಕೊಳ್ಳಬೇಡಿ. ಅಳತೆ ಕೊಟ್ಟರೆ ನಮ್ಮ ದೇಶದಲ್ಲೇ ಮಾಡಿಕೊಡುತ್ತಾರೆ. ಹಿಂಗಾಲಿಲ್ಲದ ನಾಯಿಗಳು ಅದನ್ನು ಕಟ್ಟಿಕೊಂಡು ಪಾರ್ಕಿನಲ್ಲಿ ಬೆಕ್ಕು ಅಟ್ಟುತ್ತವೆ. ನೋಡಿಕೊಳ್ಳಬೇಕಾದದ್ದು ಪಟ್ಟಿ ಉಜ್ಜುವ ಜಾಗದ ಚರ್ಮ, ಮತ್ತು ಒದ್ದೆ.

ಇಷ್ಟೆಲ್ಲ ಓದಿಯೂ ಕೈಯಿಂದ ಒತ್ತಿಸಲೇಬೇಕು ಅನ್ನಿಸಿದರೆ ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ. ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ಇದೆಯಾ? ಪ್ರಾಣಿಗಳ ಕೈರೋಪ್ರಾಕ್ಟಿಕ್ ಎಲ್ಲಿ ಕಲಿತಿರಿ, ಎಷ್ಟು ತಿಂಗಳು? ನಮ್ಮ ಡಾಕ್ಟರ ಚೀಟಿ, ಎಕ್ಸ್‌ರೇ ನೋಡದೆ ಮುಟ್ಟುತ್ತೀರಾ? ಎಂಥ ನಾಯಿಗೆ ಮಾಡುವುದಿಲ್ಲ ಅನ್ನುತ್ತೀರಿ? ಕೊನೆಯ ಪ್ರಶ್ನೆಗೆ ‘ಎಲ್ಲದಕ್ಕೂ ಮಾಡ್ತೀವಿ’ ಅನ್ನುವ ಉತ್ತರ ಬಂದರೆ ಫೋನು ಇಟ್ಟುಬಿಡಿ.